ವರ್ಷಗಟ್ಲೆ ನಿಂತಿದ್ದ ಕಾರಿಗೆ ವ್ಯಾಕ್ಸ್ ಹಚ್ಚಿದ್ರೂ ಹೊಳಪು ಯಾಕ ಬರವಲ್ದು?

ಪಾಲಿಶ್ ಮಾಡ್ದೇ ವ್ಯಾಕ್ಸ್ ಹಚ್ಚೀರಿ, ಅದಕ್ಕ. ವ್ಯಾಕ್ಸ್ ಬರೀ ಹೊದಿಕೆ, ಕೆಳಗಿನ ಮಬ್ಬು ತೆಗೆಯಂಗಿಲ್ಲ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಗಾಜಿನಂಥ ಪದರ ಇರ್ತೈತೆ, ಬಳ್ಳಾರಿ ಬಿಸಿಲಿಗೆ ಅದು ಮಂಕಾಗಿ, ಸಣ್ಣ ಸಣ್ಣ ಗೀರು ಬಿದ್ದು ಬೆಳಕು ಚೆದುರಿ ಹೋಗ್ತೈತೆ, ಪಾಲಿಶ್ ಆ ಮೇಲ್ಮೈನ ಒಂಚೂರು ಸವೆಸಿ ಸಮ ಮಾಡ್ತೈತೆ, ಆಗ್ಲೇ ಹೊಳಪು. ಆದ್ರ ಆ ಪದರ ಸುಮಾರು 40-50 ಮೈಕ್ರಾನ್ ಅಷ್ಟೇ, ಸಿಕ್ಕಾಪಟ್ಟೆ ತಿಕ್ಕಬ್ಯಾಡ್ರಿ.

ನಮ್ಮ ಕಡೆ ಅದಿರಿನ ಕೆಂಪು ಧೂಳು ಬ್ಯಾರೆ, ಒಣ ಬಟ್ಟೇಲಿ ಒರೆಸಿದ್ರೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದಂಗೇ, ಮೊದ್ಲು ನೀರು ಬಿಟ್ಟು ಶಾಂಪೂ ಹಾಕಿ ತೊಳೀರಿ. ಬೆಳಿಗ್ಗೆ ನೆರಳಾಗ ಮಾಡ್ರಿ, ಕಾದ ಬಾನೆಟ್ ಮೇಲೆ ಪಾಲಿಶ್ ಒಣಗಿ ಅಂಟ್ಕೊಂತೈತೆ. ವ್ಯಾಕ್ಸ್ ಕೊನೀಗೆ, ತೆಳ್ಳಗೆ. ಪದರ ಸಿಪ್ಪೆ ಎದ್ದಂಗೆ ಕಿತ್ತಿದ್ರೆ ಮಾತ್ರ ಪೇಂಟೇ ಹೊಡಸ್ಬೇಕು.