ಹೊಸ ರಿವಾಲ್ವರ್ ಹಳೇದರ ಸಮಕ್ಕೆ ನಿಲ್ಲುತ್ತಾ?

ಓದುಗರ ಪ್ರಶ್ನೆ – ಉತ್ತರ

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ಮೂರು ಗೋಕಾಕ ಕಡೆ, ಈಗ ಮುಂಬೈ ಹತ್ತಿರದ ಠಾಣೆ ಊರಾಗ ಇರ್ತೀನಿ. ನಮ್ಮ ಅಪ್ಪಾರ ಹೆಸರಿಗೆ ಲೈಸೆನ್ಸ್ ಇರೋ ಸ್ಮಿತ್ ಅಂಡ್ ವೆಸನ್ .32 ರಿವಾಲ್ವರ್ ಐತಿ, ಅಜ್ಜಾರ ಕಾಲದ್ದು. ಅಪ್ಪಾರಿಗೆ ಎಪ್ಪತ್ತು ದಾಟೇತಿ, ನಿನ್ನ ಹೆಸರಿಗೆ ಮಾಡ್ಕೊಂಡುಬಿಡು ಅಂತಾರ. ದೋಸ್ತರು ಮಾತ್ರ ಹಳೇದು ಮಾರಿ ಹೊಸಾದು ತಗೋ ಅಂತಾರ. ಅಮೆರಿಕಾದಾಗ ಇರೋ ನಮ್ಮ ಕಾಕಾನ ಮಗ ಹೇಳೂದೇನಂದ್ರ, ಆ ಕಂಪನಿ ಮಾಲು ಈಗ ಮೊದಲಿನಂಗ ಬರೂದಿಲ್ಲ, ಹಳೇದು ಕೊಡಬ್ಯಾಡ ಅಂತ. ಯಾರ ಮಾತು ಖರೆ?

ಉತ್ತರ: ಮಾರಬೇಡಿ. ವಿದೇಶಿ ರಿವಾಲ್ವರ್ ಹೊಸದಾಗಿ ತರಿಸ್ಕೊಳ್ಳೋದಕ್ಕೆ ನಮ್ಮಲ್ಲಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ದಾರಿ ಇಲ್ಲ, 1980ರ ದಶಕದಿಂದಲೇ ಅದು ಬಂದ್ ಆಗಿದೆ, ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ನಿಮ್ಮ ದೋಸ್ತರು ಹೇಳೋ ಹೊಸದು ಅಂದ್ರೆ ಆ ಕಂಪನಿಯ ಹೊಸದಲ್ಲ, ನಮ್ಮ ದೇಶದಲ್ಲೇ ಮಾಡೋ ಕಾನ್ಪುರದ್ದೋ ಸಂಡೀಲಾದ್ದೋ ಆಗುತ್ತೆ. ಕೈಬಿಟ್ಟ ಮೇಲೆ ಅದೇ ಗನ್ ಬೇಕು ಅಂದ್ರೆ ಕೊಟ್ಟ ಬೆಲೆಗೆ ವಾಪಸ್ ಸಿಗಲ್ಲ.

ಈಗ ನಿಮ್ಮ ಕಾಕಾನ ಮಗನ ಮಾತಿಗೆ ಬರೋಣ. ಹೊರೇಸ್ ಸ್ಮಿತ್, ಡೇನಿಯಲ್ ವೆಸನ್ ಇಬ್ಬರೂ ಸೇರಿ 1852ರಲ್ಲಿ ಶುರು ಮಾಡಿದ ಕಂಪನಿ ಅದು, ನೀವು ಹಾಕೋ .32 ಲಾಂಗ್ ಕಾರ್ಟ್ರಿಜ್ (ಗುಂಡು) ಕೂಡ 1896ರಲ್ಲಿ ಅವರೇ ತಂದಿದ್ದು. ಹಳೇ ಕಾಲದಲ್ಲಿ ಹ್ಯಾಮರ್ರು (ಗುಂಡಿಗೆ ಹಿಂದಿನಿಂದ ಬಡಿಯೋ ಸುತ್ತಿಗೆ) ಟ್ರಿಗರ್ರು ಎಲ್ಲಾ ಫೋರ್ಜ್ ಮಾಡಿದ ಉಕ್ಕಿನಿಂದ ಕಡೆದು, ಕೊನೆಗೆ ಫಿಟ್ಟರ್ ಒಬ್ಬ ಫೈಲು, ಎಣ್ಣೆಕಲ್ಲು ಹಿಡ್ಕೊಂಡು ಆ ಒಂದು ಗನ್ನಿಗೆ ಅಂತಲೇ ಕೂರಿಸ್ತಿದ್ದ. ನಿಮ್ಮದನ್ನ ಖಾಲಿ ಮಾಡಿ ಬಲಗಡೆ ಪಕ್ಕ ನೋಡಿ, ಒಳಗಿನ ಯಂತ್ರ ಮುಚ್ಚೋ ಒಂದು ಪ್ಲೇಟ್ ಇದೆ, ಸ್ಕ್ರೂ ಕಾಣುತ್ತೆ, ಆದ್ರೆ ಪ್ಲೇಟಿನ ಅಂಚು ಎಲ್ಲಿ ಮುಗೀತು ಫ್ರೇಮ್ ಎಲ್ಲಿ ಶುರುವಾಯ್ತು ಅಂತ ಬೆಳಕಿಗೆ ವಾಲಿಸಿದ್ರೆ ಮಾತ್ರ ಕೂದಲೆಳೆಯ ಹಾಗೆ ಗೆರೆ ಕಾಣುತ್ತೆ, ಉಗುರು ಆಡಿಸಿದ್ರೂ ಸಿಕ್ಕಲ್ಲ. ಹ್ಯಾಮರ್ ಟ್ರಿಗರ್ ಮೇಲೆ ನೀಲಿ, ಕಂದು, ಬೂದು ಬಣ್ಣ ಮೋಡದ ಹಾಗೆ ಹರಡಿರುತ್ತೆ, ಅದು ಪೇಂಟ್ ಅಲ್ಲ, ಮೇಲ್ಮೈ ಗಟ್ಟಿ ಮಾಡೋವಾಗ ಉಕ್ಕಿಗೆ ತಾನಾಗೇ ಬರೋ ಬಣ್ಣ. ಟೂಲ್‌ರೂಮಿನಲ್ಲಿ ಕೈಗೆ ಫೈಲ್ ಹಿಡಿಸಿಕೊಂಡು ಕೆಲಸ ಕಲಿತ ನನ್ನಂಥವರಿಗೆ ಅಂಥದ್ದು ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ.

ಆಮೇಲೆ ಬದಲಾಯ್ತು. ಬ್ಯಾರಲ್ಲನ್ನ, ಅಂದ್ರೆ ನಳಿಗೆಯನ್ನ, ಫ್ರೇಮಿಗೆ ತಿರುಗಿಸಿ ಮೇಲೊಂದು ಅಡ್ಡ ಪಿನ್ ಹೊಡೀತಿದ್ರು, 1982ರ ಹೊತ್ತಿಗೆ ಅದನ್ನ ಬಿಟ್ರು. 90ರ ದಶಕದಲ್ಲಿ ಹ್ಯಾಮರ್, ಟ್ರಿಗರ್ ಮಾಡೋ ರೀತಿ ಬದಲಾಯ್ತು, ನುಣ್ಣನೆ ಲೋಹದ ಪುಡಿಗೆ ಅಂಟು ಕಲಸಿ ಅಚ್ಚಿಗೆ ತುಂಬಿ, ಅಂಟು ತೆಗೆದು ಕುಲುಮೆಯಲ್ಲಿ ಸುಡೋದು, ಅಚ್ಚಿನಿಂದ ಬಂದಿದ್ದು ಹೆಚ್ಚುಕಮ್ಮಿ ತಯಾರಾದ ಭಾಗವೇ, ಫೈಲಿನ ಕೆಲಸ ಬೀಳಲ್ಲ. 2001ರಲ್ಲಿ ಕಂಪನಿ ಕೈ ಬದಲಾಯ್ತು, 1987ರಲ್ಲಿ 11 ಕೋಟಿ ಡಾಲರಿಗೂ ಮೇಲೆ ಕೊಟ್ಟು ತಗೊಂಡಿದ್ದ ಬ್ರಿಟಿಷ್ ಮಾಲೀಕರು ಬರೀ ಒಂದೂವರೆ ಕೋಟಿ ಡಾಲರಿಗೆ ಮಾರಿದ್ರು, ತಗೊಂಡವರು ಸೇಫ್ಟಿ ಲಾಕ್ ಮಾಡೋ ಕಂಪನಿಯವರು, ಅಲ್ಲಿಂದ ಎಡಗಡೆ ಸಿಲಿಂಡರ್ (ಗುಂಡು ತುಂಬೋ ಉರುಳೆ) ಬಿಡಿಸೋ ಗುಬುಟಿನ ಮೇಲೆ ಕೀಲಿಕೈ ತೂತು ಬಂತು. ಹಳೇ ಅಭಿಮಾನಿಗಳಿಗೆ ಆ ತೂತು ಕಂಡ್ರೆ ಮೈಯೆಲ್ಲಾ ಉರಿಯುತ್ತೆ. ಈಚೆಗೆ ಲಾಕ್ ಇಲ್ಲದ ಮಾಡೆಲ್‌ಗಳನ್ನ ಕಂಪನಿಯೇ ಮತ್ತೆ ಬಿಡ್ತಾ ಇದೆ.

ಆದ್ರೆ ಇದೆಲ್ಲಾ ಸೇರಿಸಿ ಹೊಸದು ಕಳಪೆ ಅನ್ನೋದನ್ನ ನಾನು ಒಪ್ಪಲ್ಲ. ಪಿನ್ ಹೋಗಿದ್ದರಿಂದ ಬ್ಯಾರಲ್ ಕಳಚಿ ಬೀಳಲ್ಲ. ಪುಡಿಯಿಂದ ಮಾಡಿದ ಟ್ರಿಗರ್ ನೋಡೋಕೆ ಚೆಂದ ಇಲ್ಲ ನಿಜ, ಹಿಂಭಾಗ ಟೊಳ್ಳು, ಆದ್ರೆ ಒಂದರ ಹಾಗೆ ಇನ್ನೊಂದು ಬರುತ್ತೆ. ಇವರದೇ ಮಾಡೆಲ್ 19 ತಗೊಳ್ಳಿ, 1955ರ ಗನ್ನು, ಜನ ತಲೆ ಮೇಲೆ ಹೊತ್ಕೊಂಡು ಮೆರೆಸಿದ್ದು, ಆದ್ರೆ ಬ್ಯಾರಲ್ಲಿನ ಹಿಂದಿನ ಬಾಯಿ ಕೆಳಗಡೆ ಜಾಗಕ್ಕೋಸ್ಕರ ಚಪ್ಪಟೆಯಾಗಿ ಕೊರೆದಿದ್ರು, ಆ ತೆಳು ಜಾಗದಲ್ಲಿ ಹಗುರ ಬುಲೆಟ್ಟಿನ ಜೋರು ಮ್ಯಾಗ್ನಮ್ ಗುಂಡು ಹೊಡೆದೂ ಹೊಡೆದೂ ಬಿರುಕು ಬಿಡ್ತಿತ್ತು. 2018ರಲ್ಲಿ ಮತ್ತೆ ತಂದಾಗ ಆ ಚಪ್ಪಟೆ ಕೊರೆತವನ್ನೇ ತೆಗೆದ್ರು. ಕೆಳಗೆ ಬಿದ್ದಾಗಿನ ಸುರಕ್ಷತೆಯೂ ಹಾಗೇ, 1944ರಲ್ಲಿ ಅಮೆರಿಕದ ನೌಕಾಪಡೆಯಲ್ಲಿ ಇವರದೇ ರಿವಾಲ್ವರ್ ಡೆಕ್ಕಿನ ಮೇಲೆ ಬಿದ್ದು ಗುಂಡು ಹಾರಿ ಒಬ್ಬ ಸತ್ತ ಮೇಲೆ ಹ್ಯಾಮರ್ ತಡೆಯೋ ಭಾಗವನ್ನ ಪೂರ್ತಿ ಬದಲಿಸಿದ್ರು. ನಿಮ್ಮದು ಅದಕ್ಕೂ ಮೊದಲಿನದಾಗಿದ್ರೆ ಹ್ಯಾಮರ್ ಕೆಳಗಿನ ಕೋಣೆ (ಸಿಲಿಂಡರಿನಲ್ಲಿ ಗುಂಡು ಕೂರೋ ತೂತು) ಯಾವಾಗಲೂ ಖಾಲಿ ಇಡಿ, ಇದನ್ನ ಮನೆಯವರಿಗೂ ಹೇಳಿ.

ಹೊಸದರಲ್ಲಿ ಎಲ್ಲಿ ಎಡವಟ್ಟಾಗ್ತಿದೆ ಅಂದ್ರೆ ಕೊನೇ ತಪಾಸಣೆಯಲ್ಲಿ. ಮೊದಲು ಫಿಟ್ಟರ್ ಕೈಯಲ್ಲಿ ಗಂಟೆಗಟ್ಟಲೆ ಇರ್ತಿದ್ದ ಗನ್ನು, ತಪ್ಪಿದ್ರೆ ಅವನ ಕಣ್ಣಿಗೇ ಬೀಳ್ತಿತ್ತು. ಈಗ ಮೆಷಿನ್ ಕರಾರುವಾಕ್ಕಾಗಿ ಕಡೆಯುತ್ತೆ, ಜೋಡಿಸೋನು ಜೋಡಿಸಿ ಮುಂದೆ ತಳ್ತಾನೆ, ಫಿಟ್ಟರನ್ನ ತೆಗೆದು ಉಳಿಸಿದ ದುಡ್ಡಿನಲ್ಲಿ ಸ್ವಲ್ಪವಾದರೂ ಕೊನೇ ಟೇಬಲ್ಲಿನಲ್ಲಿ ಕೂತು ಪರೀಕ್ಷೆ ಮಾಡೋನಿಗೆ ಹಾಕಬೇಕಿತ್ತು. ಬ್ಯಾರಲ್ ಸೊಟ್ಟ ಕೂತಿದೆ, ಸಿಲಿಂಡರ್ ಬಿಗಿ ಅಂತ ಹೊಸ ಗನ್ನಿನ ಬಗ್ಗೆ ಕೇಳೋ ದೂರುಗಳು ಬಹುಪಾಲು ಈ ಜಾತಿಯವೇ, ಉಕ್ಕಿನದ್ದಲ್ಲ, ಡಿಸೈನಿನದ್ದಲ್ಲ.

ನಿಮ್ಮ ಗನ್ನನ್ನ ಹೆಸರಿಗೆ ಮಾಡ್ಕೊಳ್ಳೋ ಮೊದಲು ಅಪ್ಪನವರನ್ನ ಕರ್ಕೊಂಡು ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರ ಹೋಗಿ, ಗನ್ನನ್ನ ಅಪ್ಪನವರೇ ಒಯ್ಯಬೇಕು. ಆರೂ ಕೋಣೆ ಖಾಲಿ ಅಂತ ಕಣ್ಣಲ್ಲಿ ನೋಡಿ ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡ್ಕೊಂಡ ಮೇಲೆ, ಸಿಲಿಂಡರ್ ಮೇಲೆ ಬೆರಳನ್ನ ಸುಮ್ಮನೆ ತಾಗಿಸಿಟ್ಟು ಹ್ಯಾಮರನ್ನ ನಿಧಾನಕ್ಕೆ ಎಳೀಬೇಕು, ಹ್ಯಾಮರ್ ಹಿಂದೆ ನಿಲ್ಲೋ ಮೊದಲೇ ಸಿಲಿಂಡರ್ ಟಕ್ ಅಂತ ಲಾಕ್ ಆಗಬೇಕು, ಹೀಗೆ ಆರು ಕೋಣೆಗೂ. ಒಂದರಲ್ಲಿ ಹಿಂದೆ ಬಿದ್ರೂ ಟೈಮಿಂಗ್, ಅಂದ್ರೆ ಕೋಣೆ ಬ್ಯಾರಲ್ಲಿಗೆ ಸರಿಯಾಗಿ ಎದುರು ಬಂದು ನಿಲ್ಲೋ ಲೆಕ್ಕ, ತಪ್ಪಿದೆ ಅಂತ ಅರ್ಥ. ಬ್ಯಾರಲ್ಲಿಗೂ ಸಿಲಿಂಡರಿಗೂ ನಡುವೆ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ತಗಡು) ಹಾಕಿಸಿ, 0.10ರಿಂದ 0.25 ಮಿಲಿಮೀಟರ್ ಒಳಗಿದ್ರೆ ಚಿಂತೆ ಇಲ್ಲ. ಸಿಲಿಂಡರನ್ನ ಹಿಂದೆ ಮುಂದೆ ತಳ್ಳಿದ್ರೆ ಕಟಕಟ ಅಂತ ಆಡಬಾರದು. ಇಷ್ಟು ಪಾಸಾದ್ರೆ ನಿಮ್ಮ ಅಜ್ಜನವರ ಗನ್ನು ನಿಮ್ಮ ಮಗನ ಕಾಲಕ್ಕೂ ಇರುತ್ತೆ, ಯಾಕಂದ್ರೆ .32 ಲಾಂಗ್ ಒತ್ತಡ ಕಮ್ಮಿಯ ಕಾರ್ಟ್ರಿಜ್, ಉಕ್ಕನ್ನ ಸುಸ್ತು ಮಾಡಲ್ಲ.

ಕಾಗದಪತ್ರದ್ದು: 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್‌ದಾರರಿಗೆ 70 ತುಂಬಿದ್ರೆ ಅಥವಾ ಆಯುಧ ಅವರ ಹತ್ರ 25 ವರ್ಷದಿಂದ ಇದ್ರೆ ಬದುಕಿರುವಾಗಲೇ ವಾರಸುದಾರರಿಗೆ ಮಾಡಿಸಬಹುದು. ನಿಮ್ಮ ಅರ್ಜಿ ಠಾಣೆ ನಗರದ ಪೊಲೀಸ್ ಕಮಿಷನರೇಟಿಗೆ. ನಿಮ್ಮ ಹೆಸರಲ್ಲಿ ಲೈಸೆನ್ಸ್ ಆಗೋವರೆಗೆ ಗನ್ನನ್ನ ನೀವಿರೋ ಠಾಣೆ ಊರಿಗೆ ತರಬೇಡಿ.

ಪ್ರಶ್ನೆ: ಪುಣೆಯ ಚಿಂಚವಾಡದಿಂದ ಬರೀತಿದ್ದೇನೆ. ನಮ್ಮ ಮಾವನ ಬಳಿ ಕಾನ್ಪುರದ ಹಳೇ .32 ರಿವಾಲ್ವರ್ ಇದೆ. ನಿರ್ಭೀಕ್, ಪ್ರಬಲ್ ಅಂತ ಅಲ್ಲಿಂದಲೇ ಹೊಸದು ಬಂದಿವೆಯಲ್ಲ, ಅವು ಹಳೇದಕ್ಕಿಂತ ಒಳ್ಳೆಯವಾ?

ಉತ್ತರ: ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮಾವನವರದ್ದು ಬ್ರಿಟಿಷರ ವೆಬ್ಲಿ ಮಾರ್ಕ್ 4 ರಿವಾಲ್ವರಿನ ದಾರಿ ಹಿಡಿದಿದ್ದು, ನಡುವೆ ಮುರಿದು ತೆರೆಯೋದು, ತೆರೆದ ಕೂಡಲೇ ಖಾಲಿ ಕೇಸ್ ಆರೂ ಒಟ್ಟಿಗೆ ಮೇಲೆದ್ದು ಬರುತ್ತೆ, ಆ ಅನುಕೂಲ ದೊಡ್ಡದು. ಅದರ ತೊಂದರೆ ಅಂದ್ರೆ ಗುಂಡಿನ ಹೊಡೆತವೆಲ್ಲಾ ಮೇಲಿನ ಚಿಲಕದ ಮೇಲೆ, ಕೆಳಗಿನ ಹಿಂಜಿನ ಮೇಲೆ ಬೀಳುತ್ತೆ, ವರ್ಷ ಹೋದಂತೆ ಅಲ್ಲಿ ಸಡಿಲ ಬರುತ್ತೆ. 2014ರಲ್ಲಿ ಬಂದ ನಿರ್ಭೀಕ್ ಅದೇ ಮನೆತನದ್ದು, ಟೈಟೇನಿಯಂ ಮಿಶ್ರಲೋಹದಲ್ಲಿ ಮಾಡಿ ತೂಕವನ್ನ 500 ಗ್ರಾಮಿಗೆ ಇಳಿಸಿದ್ರು, ಆಗ ಬೆಲೆ ಸುಮಾರು 1 ಲಕ್ಷ 22 ಸಾವಿರ. ಪರ್ಸಿನಲ್ಲಿಡೋಕೆ ಹಗುರ ಸರಿ, ಆದ್ರೆ ಹಗುರ ಗನ್ನು ಕೈಯಲ್ಲಿ ಜಾಸ್ತಿ ಹಾರುತ್ತೆ, ಪ್ರಾಕ್ಟೀಸಿಗೆ ಮಾವನವರ ಭಾರದ ಗನ್ನೇ ನನಗೆ ಇಷ್ಟ. 2023ರ ಪ್ರಬಲ್ ಮಾತ್ರ ನಿಜವಾಗಲೂ ಒಂದು ಹೆಜ್ಜೆ ಮುಂದೆ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತೆ, ಫ್ರೇಮ್ ಇಡೀ ಒಂದೇ ತುಂಡು, ಬ್ಯಾರಲ್ 76 ಮಿಲಿಮೀಟರ್, ತೂಕ 700 ಗ್ರಾಮಿನ ಸುಮಾರು. ಅಮೆರಿಕದವರು 1889ರಲ್ಲೇ ಹಿಡಿದ ದಾರಿಯನ್ನ ನಮ್ಮವರು ಇಷ್ಟು ತಡವಾಗಿ ಹಿಡಿದ್ರಲ್ಲಾ ಅಂತ ಬೇಜಾರಿದೆ, ಆದ್ರೂ ಹಿಡಿದಿದ್ದಕ್ಕೆ ಖುಷಿ. ತಗೊಳ್ಳೋದಾದ್ರೆ ಮೇಲೆ ಹೇಳಿದ ಪರೀಕ್ಷೆಗಳನ್ನ ಡೀಲರ್ ಕೌಂಟರಿನಲ್ಲೇ ಮಾಡಿಸಿ, ಹೊಸ ಪೀಸು ಅಂತ ಸುಮ್ಮನಿರಬೇಡಿ.

ಪ್ರಶ್ನೆ: ವಾಸ್ಕೋದಲ್ಲಿರೋ ಕಾಲೇಜ್ ಹುಡುಗ ನಾನು. ಅಮೆರಿಕದ ಕೋಲ್ಟ್ ಕಂಪನಿಯ ಪೈಥಾನ್ ರಿವಾಲ್ವರ್ ಹಳೇದಾ ಹೊಸದಾ, ಯಾವುದು ಗ್ರೇಟ್?

ಉತ್ತರ: ಕಣ್ಣಿಗೆ ಹಳೇದು. 1955ರಿಂದ 2005ರವರೆಗೆ ಬಂದ ಪೈಥಾನಿನ ಕಡುನೀಲಿ ಪಾಲಿಶ್ ಮುಂದೆ ಇನ್ನೊಂದಿಲ್ಲ, ಟ್ರಿಗರ್ ಕೂಡ ಬೆಣ್ಣೆ. ಆದ್ರೆ ಆ ಬಿಗಿಯಾದ ಲಾಕ್ ಇದೆಯಲ್ಲ, ಸಿಲಿಂಡರ್ ತಿರುಗಿಸೋ ಸಣ್ಣ ತುಂಡು ಗುಂಡು ಹಾರೋವಾಗಲೂ ಒತ್ತಿ ಹಿಡಿದುಕೊಂಡೇ ಇರುತ್ತೆ, ಅದಕ್ಕೇ ಬೇಗ ಸವೆದು ಟೈಮಿಂಗ್ ತಪ್ಪೋದು, ಮತ್ತೆ ಸರಿ ಮಾಡೋ ಕೈಗಳು ಈಗ ಬಹಳ ಕಮ್ಮಿ. 2020ರಲ್ಲಿ ಬಂದ ಹೊಸದು ಸ್ಟೇನ್‌ಲೆಸ್, ಒಳಗಿನ ಭಾಗಗಳನ್ನ ಕಮ್ಮಿ ಮಾಡಿದ್ದಾರೆ, ಮೊದಮೊದಲ ಪೀಸುಗಳಲ್ಲಿ ದೂರು ಬಂದ್ವು, ಅಲ್ಲೂ ಅದೇ ಕೊನೇ ತಪಾಸಣೆಯ ಕಥೆ. ದಿನಾ ಗುಂಡು ಹೊಡೆಯೋನಿಗೆ ಹೊಸದೇ ಸರಿ.

ಪ್ರಶ್ನೆ: .32 ಅಂತ ಬರೆದಿರೋ ಗುಂಡೆಲ್ಲಾ ಒಂದೇನಾ? – ಅಂಧೇರಿಯ ಓದುಗರು

ಉತ್ತರ: ಖಂಡಿತ ಅಲ್ಲ. ರಿವಾಲ್ವರಿಗೆ .32 ಸ್ಮಿತ್ ಅಂಡ್ ವೆಸನ್ ಲಾಂಗ್, ಪಿಸ್ತೂಲಿಗೆ .32 ಎಸಿಪಿ, ಅದನ್ನೇ 7.65 ಅಂತಲೂ ಕರೀತಾರೆ. ಎಸಿಪಿ ಗುಂಡಿಗೆ ಚೂರೇ ಚೂರು ಅಂಚು ಇರೋದ್ರಿಂದ ಎಷ್ಟೋ ರಿವಾಲ್ವರಿನ ಕೋಣೆಯಲ್ಲಿ ಕೂತುಬಿಡುತ್ತೆ, ಆದ್ರೆ ಅದರ ಒತ್ತಡ ಲಾಂಗ್‌ಗಿಂತ ಜಾಸ್ತಿ, ಹಳೇ ಗನ್ನಿಗೆ ಅಪಾಯ. ಅಂಗಡಿಯಲ್ಲಿ ಬರೀ ತರ್ಟಿಟು ಅನ್ನಬೇಡಿ, ಪೂರ್ತಿ ಹೆಸರು ಹೇಳಿ, ಡಬ್ಬಿ ಮೇಲಿನ ಹೆಸರನ್ನ ನಿಮ್ಮ ಬ್ಯಾರಲ್ ಮೇಲೆ ಕೆತ್ತಿರೋದಕ್ಕೆ ತಾಳೆ ನೋಡಿಯೇ ದುಡ್ಡು ಕೊಡಿ.