ಕಿವಿಯ ಚರ್ಮಕ್ಕೆ ವಿದ್ಯುತ್ ಹರಿಸಿದರೆ ಕೇಳಿಸುತ್ತದೆಯೇ?

ಪ್ರಶ್ನೆ: ನನ್ನ ತಂಗಿಗೆ ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸುವುದಿಲ್ಲ. ಕಿವಿಯ ಚರ್ಮಕ್ಕೆ ಅಲ್ಪ ವಿದ್ಯುತ್ ಹರಿಸಿದರೆ ಒಳಗಿನ ಸ್ನಾಯು ಚಲಿಸುತ್ತದೆ ಎಂದು ಓದಿದೆ. ಇದರಿಂದ ಅವಳಿಗೆ ಕೇಳಿಸೀತೇ? ಅಮ್ಮನ ಮಂಡಿನೋವಿಗೆ ತಂದ ವಿದ್ಯುತ್ ಯಂತ್ರದಿಂದ ಪ್ರಯತ್ನಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ನೀವು ಓದಿದ್ದು ನಿಜ, ಆದರೆ ಅದು ಪರೀಕ್ಷೆಯ ವಿಧಾನವೇ ಹೊರತು ಚಿಕಿತ್ಸೆಯಲ್ಲ. ಮಂಡಿನೋವಿನ ಯಂತ್ರವನ್ನು ಕಿವಿ, ಕುತ್ತಿಗೆಗಳ ಹತ್ತಿರಕ್ಕೆ ದಯವಿಟ್ಟು ಒಯ್ಯಬೇಡಿ.

ಮಧ್ಯಕಿವಿಯಲ್ಲಿ ಎರಡು ಪುಟ್ಟ ಸ್ನಾಯುಗಳಿವೆ. ಅವುಗಳಲ್ಲಿ ಸ್ಟೆಪೀಡಿಯಸ್ ಎಂಬುದು ಸುಮಾರು 6 ಮಿಲಿಮೀಟರ್ ಉದ್ದವಿದ್ದು, ದೇಹದ ಅತಿ ಚಿಕ್ಕ ಮೂಳೆಯಾದ ಸ್ಟೇಪೀಸ್‌ಗೆ ಅಂಟಿಕೊಂಡಿರುತ್ತದೆ. ಆರೋಗ್ಯವಂತ ಕಿವಿಗೆ ಸಾಮಾನ್ಯವಾಗಿ 70ರಿಂದ 100 ಡೆಸಿಬಲ್‌ನ ಶಬ್ದ ಬಿದ್ದಾಗ, ಆ ಸುದ್ದಿ ಶ್ರವಣನರದ ಮೂಲಕ ಮೆದುಳಿನ ಕಾಂಡವನ್ನು ಮುಟ್ಟಿ, ಅಲ್ಲಿಂದ ಮುಖದ ನರದ ಮೂಲಕ ಹಿಂದಿರುಗಿ ಈ ಸ್ನಾಯುವನ್ನು ಬಿಗಿಗೊಳಿಸುತ್ತದೆ. ಶಬ್ದ ಒಂದೇ ಕಿವಿಗೆ ಬಿದ್ದರೂ ಎರಡೂ ಕಡೆಯ ಸ್ನಾಯುಗಳು ಬಿಗಿಯುತ್ತವೆ. ಮಧ್ಯಕಿವಿಯ ಸ್ಥಿತಿ ತಿಳಿಯಲು ಮಾಡುವ ಇಂಪಿಡೆನ್ಸ್ ಪರೀಕ್ಷೆಯಲ್ಲಿ ಇದನ್ನೂ ಅಳೆಯುತ್ತಾರೆ.

ನಿಮ್ಮ ತಂಗಿಯಂಥವರಲ್ಲಿ ಶಬ್ದದ ಸುದ್ದಿ ಮೆದುಳಿಗೆ ಹೋಗುವ ದಾರಿಯೇ ಮುಚ್ಚಿರುವುದರಿಂದ, ಮುಖದ ನರದ ಮೂಲಕ ಬರುವ ದಾರಿ ಸರಿಯಿದೆಯೇ ಎಂಬುದು ಶಬ್ದದಿಂದ ತಿಳಿಯುವುದಿಲ್ಲ. ಇಲ್ಲಿ ಚರ್ಮ ನೆರವಿಗೆ ಬರುತ್ತದೆ. ಕಿವಿಯ ಸುತ್ತಲಿನ ಸ್ಪರ್ಶದ ನರಗಳೂ ಮೆದುಳಿನ ಕಾಂಡಕ್ಕೇ ಸುದ್ದಿ ಮುಟ್ಟಿಸುವುದರಿಂದ, ಆ ಚರ್ಮಕ್ಕೆ ಚುರುಕು ಮುಟ್ಟಿಸಿದರೆ ಕೇಳದ ಕಿವಿಯಲ್ಲೂ ಸ್ಟೆಪೀಡಿಯಸ್ ಬಿಗಿಯಬಹುದು. ಚರ್ಮವನ್ನು ಪ್ರಚೋದಿಸಿ ಈ ಪ್ರತಿವರ್ತನೆಯನ್ನು ದಾಖಲಿಸಿದ ವಿವರವನ್ನು ಸ್ವೀಡನ್ನಿನ ಕ್ಲಾಕ್‌ಹಾಫ್ ಮತ್ತು ಆಂಡರ್ಸನ್ 1959ರಲ್ಲಿಯೇ ಪ್ರಕಟಿಸಿದ್ದರು. ಸ್ನಾಯು ಬಿಗಿದದ್ದು ಕಂಡುಬಂದರೆ ಮುಖದ ನರ ಕೆಲಸ ಮಾಡುತ್ತಿದೆ, ಸ್ಟೇಪೀಸ್ ಸಿಕ್ಕಿಕೊಂಡಿಲ್ಲ ಎಂದು ಊಹಿಸಬಹುದು. ಇದು ಸಣ್ಣ ತಿಳಿವಳಿಕೆಯಲ್ಲ. ಆದರೆ ಸ್ನಾಯು ಬಿಗಿದ ಮಾತ್ರಕ್ಕೆ ಕಿವಿ ಕೇಳಿಸುವುದಿಲ್ಲ. ಅದು ಬಿಗಿದಾಗ ಒಳಗೆ ಹೋಗುವ ಶಬ್ದ, ಮುಖ್ಯವಾಗಿ ತಗ್ಗಿನ ಸ್ವರಗಳು, ಕಡಿಮೆಯೇ ಆಗುತ್ತವೆ.

ವಿದ್ಯುತ್ತಿನಿಂದ ಶ್ರವಣ ಕೊಡುವ ಸಾಧನ ಬೇರೆಯೇ ಇದೆ. ಕಾಕ್ಲಿಯರ್ ಇಂಪ್ಲಾಂಟ್ ಚರ್ಮವನ್ನಲ್ಲ, ಒಳಕಿವಿಯಲ್ಲಿದ್ದುಕೊಂಡು ಶ್ರವಣನರವನ್ನೇ ಪ್ರಚೋದಿಸುತ್ತದೆ. ಅದರ ಮಟ್ಟವನ್ನು ಹೊಂದಿಸುವಾಗ, ವಿಶೇಷವಾಗಿ ಶಬ್ದ ಎಷ್ಟು ಜೋರಾಗಿದೆ ಎಂದು ಹೇಳಲಾಗದ ಮಕ್ಕಳಲ್ಲಿ, ಇದೇ ಸ್ಟೆಪೀಡಿಯಸ್ ಬಿಗಿಯುವುದನ್ನು ಗಮನಿಸುವುದುಂಟು. ಹುಟ್ಟುಕಿವುಡಿನಲ್ಲಿ ಇಂಪ್ಲಾಂಟ್‌ನ ಪ್ರಯೋಜನ ಎಳೆಯ ವಯಸ್ಸಿನಲ್ಲಿಯೇ ಹೆಚ್ಚು. ನೀವು ತಂಗಿಯ ವಯಸ್ಸನ್ನು ಬರೆದಿಲ್ಲ. ಅವಳು ಇನ್ನೂ ಪುಟ್ಟವಳಾಗಿದ್ದರೆ ಈ ತಿಂಗಳೇ, ಹಳೆಯ ಪರೀಕ್ಷಾ ವರದಿಗಳೊಂದಿಗೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ.