ರೂಮ್‌ಮೇಟ್ ನಿದ್ದೆ ಕೆಡಿಸದೆ ಬೆಳಿಗ್ಗೆ 5ಕ್ಕೆ ತಿಂಡಿ ತಿನ್ನೋದು ಹೇಗೆ?

ಬೆಳಿಗ್ಗೆ 5ಕ್ಕೆ ಎದ್ದು 5:40ಕ್ಕೆ ಮನೆ ಬಿಡಬೇಕು, ಜೊತೆಗಿರುವವರದ್ದು ಕೋಳಿ ನಿದ್ದೆ, ಅವರ ಹಾಸಿಗೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಖಾಲಿ ಹೊಟ್ಟೇಲಿ ಹೋದರೆ ಹತ್ತು ಗಂಟೆಗೆ ಕೈಕಾಲು ನಡುಗುತ್ತೆ, ಏನು ತಿನ್ನಲಿ ಅಂತ ಕೇಳಿದ್ದೀರಿ. ಮೂರು ವರ್ಷ ನಾನು ಇದೇ ಪಾಡು ಪಟ್ಟಿದ್ದೀನಿ. ಮೊದಲ ವರ್ಷವೆಲ್ಲ ತಪ್ಪು ದಾರಿ ಹಿಡಿದಿದ್ದೆ, ಅದನ್ನೇ ಮೊದಲು ಹೇಳ್ತೀನಿ.

ನನ್ನ ಉಪಾಯ ಏನಿತ್ತು ಅಂದರೆ, ಎಲ್ಲವನ್ನೂ ನಿಧಾನವಾಗಿ ಮಾಡೋದು. ಕಳ್ಳ ಬೆಕ್ಕಿನ ಹಾಗೆ ತುದಿಗಾಲಲ್ಲಿ ನಡೆಯೋದು, ಡ್ರಾಯರ್ ಎಳೆಯೋಕೆ ಅರ್ಧ ನಿಮಿಷ, ಪಾತ್ರೆ ಇಳಿಸೋಕೆ ಅರ್ಧ ನಿಮಿಷ. ಮಿಕ್ಸಿಯಂತೂ ಮುಟ್ಟುತ್ತಲೇ ಇರಲಿಲ್ಲ. ಆದರೂ ನಾನು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ನನ್ನ ರೂಮ್‌ಮೇಟ್ ಕಣ್ಣು ಕೆಂಪಗೆ ಮಾಡಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಇಷ್ಟು ಮಾಡಿದರೂ ಏಳ್ತಾಳಲ್ಲ, ಇದು ಬರೀ ಹಟ ಅಂತ ನನಗೆ ಒಳಗೊಳಗೇ ಸಿಟ್ಟು.

ಒಂದು ಭಾನುವಾರ ಮಧ್ಯಾಹ್ನ ಅವಳೇ ಹೇಳಿದಳು: "ನೀನು ನನ್ನ ಹಾಸಿಗೇಲಿ ಮಲಗು. ನೀನು ದಿನಾ ಬೆಳಿಗ್ಗೆ ಮಾಡೋದನ್ನೆಲ್ಲ ನಾನು ಮಾಡ್ತೀನಿ. ಸುಮ್ನೆ ಕೇಳಿಸ್ಕೋ." ಪರದೆ ಎಳೆದು ಕಣ್ಣು ಮುಚ್ಚಿ ಮಲಗಿದೆ. ಫ್ರಿಜ್ ಬಾಗಿಲು ತೆಗೆದಳು, ಬಾಗಿಲ ರ‍್ಯಾಕಿನಲ್ಲಿದ್ದ ಬಾಟಲಿಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಡ್ರಾಯರ್ ಎಳೆದಳು, ಒಳಗಿದ್ದ ಚಮಚಗಳು ಜಾರಿ ಬಂದು ಗುದ್ದಿಕೊಂಡವು. ನಿಧಾನಕ್ಕೆ ಎಳೆದಿದ್ದಕ್ಕೆ ಆ ಸದ್ದು ಇನ್ನೂ ಉದ್ದವಾಯ್ತು, ಅಷ್ಟೇ. ಕೆಟಲ್ ಗುರುಗುಟ್ಟಿ ಕೊನೆಗೆ ಟಕ್ ಅಂತ ಆಫ್ ಆಯ್ತು. ಮೈಕ್ರೋವೇವ್ ಐದು ಸಲ ಕೂಗಿತು. ಆಮೇಲೆ ಕಪ್ಪಿನಲ್ಲಿ ಸಕ್ಕರೆ ಕಲಕುವ ಸದ್ದು. ಟಣ್, ಟಣ್, ಟಣ್. ಗೋಡೆಯ ಆಚೆಯಿಂದ ಅದು ದೇವಸ್ಥಾನದ ಗಂಟೆಯ ಹಾಗೆ ಕೇಳುತ್ತಿತ್ತು. ಮಧ್ಯೆ ಅವಳು ಒಂದು ಮೊಟ್ಟೆ ಒಡೆದು ಬಾಣಲೆಗೆ ಹಾಕಿ ಹುರಿದಿದ್ದಳಂತೆ, ಅದು ನನಗೆ ಗೊತ್ತೇ ಆಗಲಿಲ್ಲ! ಎದ್ದು ಬಂದಾಗ ಹೇಳಿದಳು, "ಅಡುಗೆ ಏನಾದ್ರೂ ಮಾಡ್ಕೋ. ಆ ಚಮಚ ಒಂದು ನಿಲ್ಲಿಸು ಮಾರಾಯ್ತಿ."

ಅಲ್ಲಿಂದ ನನ್ನ ಲೆಕ್ಕವೇ ಬದಲಾಯಿತು. ಏನು ಬೇಯಿಸಬೇಕು ಅನ್ನೋದು ಆಮೇಲಿನ ಮಾತು. ಲೋಹ ಲೋಹಕ್ಕೆ ತಾಗೋದು, ಗಾಜು ಕಲ್ಲಿಗೆ ತಾಗೋದು, ಮುಚ್ಚಳ ಫಟ್ ಅನ್ನೋದು, ಯಂತ್ರ ಕೂಗೋದು, ಈ ನಾಲ್ಕನ್ನೂ ರಾತ್ರಿಯೇ ಮುಗಿಸಿಬಿಡಬೇಕು. ಬೆಳಿಗ್ಗೆಗೆ ಒಂದು ಮುಚ್ಚಳ ತಿರುಗಿಸುವ ಕೆಲಸ ಮಾತ್ರ ಉಳಿಯಬೇಕು.

ನಿಮ್ಮ ರೂಮ್‌ಮೇಟ್ ನಾಟಕ ಮಾಡ್ತಾರೆ ಅಂತ ಮಾತ್ರ ಅಂದುಕೊಳ್ಳಬೇಡಿ. ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಮುಗಿದುಹೋಗುತ್ತೆ. ಬೆಳಗಿನ ಜಾವಕ್ಕೆ ಉಳಿಯೋದು ಹೆಚ್ಚಾಗಿ ತೆಳು ನಿದ್ದೆ ಮತ್ತು ಕನಸಿನ ನಿದ್ದೆ. ರಾತ್ರಿ 12ಕ್ಕೆ ಪಾತ್ರೆ ಬಿದ್ದರೂ ಏಳದವರು 5ಕ್ಕೆ ಚಮಚ ತಾಗಿದರೆ ಏಳ್ತಾರೆ, ಅದರಲ್ಲಿ ಆಶ್ಚರ್ಯವಿಲ್ಲ. ಜೊತೆಗೆ ಮಿದುಳಿನಲ್ಲೇ ವ್ಯತ್ಯಾಸವಿದೆ. ನಿದ್ದೆಯಲ್ಲಿ ಸ್ಪಿಂಡಲ್ ಅನ್ನುವ ಸಣ್ಣ ಅಲೆಗಳು ಎದ್ದು ಮರೆಯಾಗ್ತವೆ. ಅವು ಹೆಚ್ಚಿರುವವರು ಗದ್ದಲವನ್ನು ಚೆನ್ನಾಗಿ ತಡೆದುಕೊಳ್ತಾರೆ ಅಂತ 2010ರ ಒಂದು ಅಧ್ಯಯನ ತೋರಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಮಾರ್ಗಸೂಚಿ ಇನ್ನೂ ಸ್ಪಷ್ಟ. ಮಲಗುವ ಕೋಣೆಯಲ್ಲಿ ಒಂದೇ ಸಮನೆ ಇರುವ ಸದ್ದು 30 ಡೆಸಿಬಲ್ ದಾಟಬಾರದು, ಆಗಾಗ ಬರುವ ಒಂಟಿ ಸದ್ದು 45 ದಾಟಬಾರದು. ನಾವು ಮಾಮೂಲಿಯಾಗಿ ಮಾತಾಡೋದೇ ಸುಮಾರು 60 ಆಗುತ್ತೆ, ಇನ್ನು ಮಿಕ್ಸಿ 80ರ ಮೇಲೆ. ಮಿಕ್ಸಿಯ ಕೆಳಗೆ ಟವಲ್ ಮಡಚಿಟ್ಟರೆ ಕಟ್ಟೆ ನಡುಗೋದು ಕಡಿಮೆಯಾಗುತ್ತೆ ನಿಜ, ಗಾಳಿಯಲ್ಲಿ ಹೋಗುವ ಸದ್ದು ಹಾಗೇ ಇರುತ್ತೆ. ಸ್ಮೂದಿ ಬೇಕಿದ್ದರೆ ರಾತ್ರಿಯೇ ರುಬ್ಬಿ, ಬಾಟಲಿಗೆ ಅಂಚಿನವರೆಗೂ ತುಂಬಿ ಫ್ರಿಜ್ಜಿನಲ್ಲಿಡಿ.

ಒಂದು ಭಯ ಮಾತ್ರ ಬಿಟ್ಟುಬಿಡಿ. ಕಾಫಿ ವಾಸನೆಗೆ ಅವರಿಗೆ ಎಚ್ಚರವಾಗುತ್ತೇನೋ ಅಂತ ನಾನು ಕಿಟಕಿ ತೆಗೆಯೋಕೆ ಹೋಗಿ, ಅದು ಕಿರ್ರ್ ಅಂದು, ಅದಕ್ಕೇ ಅವಳಿಗೆ ಎಚ್ಚರ ಆಗ್ತಿತ್ತು. ಗಾಢ ನಿದ್ದೆಯಲ್ಲಿ, ಕನಸಿನ ನಿದ್ದೆಯಲ್ಲಿ ವಾಸನೆ ನಮ್ಮನ್ನು ಎಬ್ಬಿಸೋದು ತೀರ ಕಡಿಮೆ ಅಂತ 2004ರಲ್ಲಿ ಮಲಗಿದವರ ಮೂಗಿಗೆ ವಾಸನೆ ಹಿಡಿದೇ ನೋಡಿದ್ದಾರೆ, ಕೆಟ್ಟ ವಾಸನೆಗೂ ಅವರು ಸರಿಯಾಗಿ ಏಳಲಿಲ್ಲ.

ಈಗ ತಿಂಡಿ. ನನ್ನ ವಾರದ ಐದು ದಿನಗಳಲ್ಲಿ ಮೂರು ದಿನ ನೆನೆಸಿದ ಓಟ್ಸ್. ಅರ್ಧ ಕಪ್ ಓಟ್ಸ್, ಅರ್ಧ ಕಪ್ ಹಾಲು, ಎರಡು ಚಮಚ ಮೊಸರು, ಚಿಟಿಕೆ ಉಪ್ಪು. ಉಪ್ಪು ಬಿಟ್ಟರೆ ಅಂಟಿನ ರುಚಿ ಬರುತ್ತೆ, ಎಷ್ಟು ಸಿಹಿ ಹಾಕಿದರೂ ಸರಿಹೋಗಲ್ಲ. ಚಪ್ಪಟೆ ಓಟ್ಸನ್ನೇ ತಗೊಳ್ಳಿ. ಎರಡೇ ನಿಮಿಷದಲ್ಲಿ ಬೇಯುವ ಪುಡಿ ಓಟ್ಸ್ ಬೆಳಿಗ್ಗೆಗೆ ಗಂಜಿಯಾಗಿ ಕೂತಿರುತ್ತೆ, ಕತ್ತರಿಸಿದ ಗಟ್ಟಿ ಓಟ್ಸ್ ನೆನೆದರೂ ಹಲ್ಲಿಗೆ ಸಿಗುತ್ತೆ. ಗಟ್ಟಿಯಾಗಿರಬೇಕು ಅಂದರೆ ಒಂದು ಚಮಚ ಚಿಯಾ ಬೀಜ ಹಾಕಿ, ಹಾಲು ಸ್ವಲ್ಪ ಹೆಚ್ಚಿಸಿ. ಆ ಬೀಜ ತನ್ನ ತೂಕದ ಹತ್ತು ಪಟ್ಟು ನೀರು ಕುಡಿಯುತ್ತೆ, ಹಾಗಾಗಿ ಹಾಕಿ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಲಕಿ, ಇಲ್ಲದಿದ್ದರೆ ತಳದಲ್ಲಿ ಮುದ್ದೆ ಕಟ್ಟಿಕೊಳ್ಳುತ್ತೆ. ಖರ್ಜೂರ, ಒಣದ್ರಾಕ್ಷಿ ರಾತ್ರಿಯೇ ಹಾಕಿದರೆ ಅವೇ ಸಿಹಿ ಬಿಡ್ತವೆ. ಬಾಳೆಹಣ್ಣು ಮಾತ್ರ ಬೆಳಿಗ್ಗೆ. ಅದಕ್ಕೆ ಚಾಕು ಬೇಡ, ಹಲಗೆ ಬೇಡ, ಸಿಪ್ಪೆಗೆ ಸದ್ದೂ ಇಲ್ಲ. ಭಾನುವಾರ ರಾತ್ರಿ ಮೂರು ಜಾರ್ ಮಾಡಿಟ್ಟರೆ ಬುಧವಾರದವರೆಗೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ದಿನ ನಾನು ಇಡಲ್ಲ, ಹುಳಿ ಬರುತ್ತೆ.

ಬಾದಾಮಿ, ಕಡಲೆಬೀಜ ಅಗಿದರೆ ಸದ್ದು ಅಂತ ನಾನು ಎಷ್ಟೋ ದಿನ ಬಾಯಲ್ಲೇ ನೆನೆಸಿ ತಿಂದಿದ್ದೀನಿ, ಅದೂ ದಂಡ. ನಮಗೆ ಕೇಳುವ ಆ ಕುರುಂ ಕುರುಂ ಹೆಚ್ಚಾಗಿ ನಮ್ಮದೇ ದವಡೆ, ತಲೆಬುರುಡೆಯ ಎಲುಬಿನ ಮೂಲಕ ಕಿವಿಗೆ ಬರೋದು. ಪಕ್ಕದ ಕೋಣೆಯವರಿಗೆ ಅದರಲ್ಲಿ ಏನೂ ಕೇಳಲ್ಲ.

ಮೊಟ್ಟೆ ತಿನ್ನುವವರಾದರೆ ವಾರಕ್ಕೊಮ್ಮೆ ಆರು ಬೇಯಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಸಿಪ್ಪೆ ಸಮೇತ ಒಂದು ವಾರ ಇರುತ್ತೆ. ತಾಜಾ ಮೊಟ್ಟೆಗಿಂತ ನಾಲ್ಕೈದು ದಿನ ಹಳೆಯದನ್ನು ಬೇಯಿಸಿ, ಸಿಪ್ಪೆ ಸುಲಭವಾಗಿ ಬಿಡುತ್ತೆ. ಮರುದಿನಕ್ಕೆ ಬೇಕಾದ ಎರಡನ್ನು ರಾತ್ರಿಯೇ ಸುಲಿದು, ಉಪ್ಪು ಮೆಣಸು ಉದುರಿಸಿ ಡಬ್ಬಿಗೆ ಹಾಕಿಟ್ಟುಬಿಡಿ. ಬೆಳಿಗ್ಗೆ ಕಟ್ಟೆಗೆ ಕುಟ್ಟೋಕೆ ಹೋದಿರೋ, ಕೆಟ್ಟಿರಿ.

ಬ್ರೆಡ್ಡಿಗೆ ಟೋಸ್ಟರ್ ಬೇಡ, ಅದು ಎಗರುವ ಸದ್ದು ನಿಮಗೇ ಬೆಚ್ಚಿಬೀಳಿಸುತ್ತೆ. ರಾತ್ರಿಯೇ ಎರಡೂ ಹೋಳುಗಳಿಗೆ ಪೀನಟ್ ಬಟರ್ ಸವರಿ, ಜಾಮ್ ಮಧ್ಯಕ್ಕೆ ಬರುವ ಹಾಗೆ ಮುಚ್ಚಿ. ಎಣ್ಣೆಯಂಶ ಎರಡೂ ಕಡೆ ಇದ್ದರೆ ಬ್ರೆಡ್ ಒದ್ದೆಯಾಗಲ್ಲ. ಇದನ್ನು ಫ್ರಿಜ್ಜಿನಲ್ಲಿಡಬೇಡಿ, ಆ ತಂಪಿನಲ್ಲಿ ಬ್ರೆಡ್ಡಿನ ಪಿಷ್ಟ ಬೇಗ ಬಿರುಸಾಗುತ್ತೆ, ಹೊರಗಿಟ್ಟದ್ದೇ ಮೆತ್ತಗಿರುತ್ತೆ. ಮೊಟ್ಟೆ, ಚೀಸ್ ಹಾಕಿದ್ದು ಮಾತ್ರ ಫ್ರಿಜ್ಜಿಗೇ ಹೋಗಬೇಕು. ಫಾಯಿಲ್‌ನಲ್ಲಿ ಸುತ್ತಬೇಡಿ ಅಂತ ಬೇರೆ ಹೇಳಬೇಕಾ? ಹತ್ತಿ ಬಟ್ಟೆ ಸಾಕು.

ತಣ್ಣಗಿನದು ಗಂಟಲಿಗೆ ಇಳಿಯಲ್ಲ ಅನ್ನುವವರಿಗೆ ಫ್ಲಾಸ್ಕೇ ಗತಿ. ನನಗೆ ಚಳಿಗಾಲದಲ್ಲಿ ಇದೇ ಇಷ್ಟ. ಅಗಲ ಬಾಯಿಯ ಒಳ್ಳೆಯ ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಡಿ, ಚೆಲ್ಲಿ. ಈ ಹೆಜ್ಜೆ ಹಾರಿಸಿದರೆ ಒಳಗಿನ ಗೋಡೆಯೇ ಶಾಖ ನುಂಗಿಬಿಡುತ್ತೆ. ಆಮೇಲೆ ಒಂದು ಪಾಲು ಕತ್ತರಿಸಿದ ಗಟ್ಟಿ ಓಟ್ಸಿಗೆ ನಾಲ್ಕು ಪಾಲು ಕುದಿಯುವ ನೀರು, ಉಪ್ಪು, ಮುಚ್ಚಿ ಒಂದು ಸಲ ಅಲ್ಲಾಡಿಸಿ. ಫ್ಲಾಸ್ಕ್ ಮುಕ್ಕಾಲಿಗಿಂತ ಹೆಚ್ಚು ತುಂಬಿರಲಿ, ಖಾಲಿ ಜಾಗ ಇದ್ದಷ್ಟೂ ಬೇಗ ಆರುತ್ತೆ. ಹಾಲು ಹಾಕಬೇಡಿ. 4ರಿಂದ 60 ಡಿಗ್ರಿ ಸೆಲ್ಸಿಯಸ್ ಮಧ್ಯೆ ಸೂಕ್ಷ್ಮಜೀವಿಗಳಿಗೆ ಹಬ್ಬ, ಹಾಲು ಗಂಟೆಗಟ್ಟಲೆ ಅಲ್ಲಿ ಕೂರಬಾರದು. ಹಾಲು ಬೆಳಿಗ್ಗೆ ಬೆರೆಸಿ. ಮಲಗುವ ಮುಂಚೆ ಕೊನೆಯ ಕೆಲಸವಾಗಿ ಇದನ್ನು ಮಾಡಿ. ಬೆಳಿಗ್ಗೆ ಮುಚ್ಚಳ ತೆಗೆದಾಗ ಮುಖಕ್ಕೆ ಬಿಸಿ ಹಬೆ ಹೊಡೆಯಬೇಕು. ಉಗುರುಬೆಚ್ಚಗಿದ್ದರೆ ಫ್ಲಾಸ್ಕ್ ಹಳೆಯದಾಗಿದೆ ಅಂತ ಅರ್ಥ, ಅದನ್ನು ತಿನ್ನಬೇಡಿ.

ಚಹಾ, ಕಾಫಿಗೂ ಇನ್ನೊಂದು ಫ್ಲಾಸ್ಕಿನಲ್ಲಿ ರಾತ್ರಿಯೇ ಬಿಸಿನೀರು ತುಂಬಿಡಿ. ಕೆಟಲ್ ಅಷ್ಟು ಗುರುಗುಡೋದು ಯಾಕೆ ಗೊತ್ತಾ? ತಳದಲ್ಲಿ ಹುಟ್ಟಿದ ಹಬೆಯ ಗುಳ್ಳೆ ಮೇಲೇರಿ, ಇನ್ನೂ ತಂಪಾಗಿರುವ ನೀರಿಗೆ ಸಿಕ್ಕಿ ಅಲ್ಲೇ ಕುಸಿದುಬೀಳುತ್ತೆ. ಆ ಸಾವಿರಾರು ಕುಸಿತಗಳ ಸದ್ದು ಅದು. ಪೂರ್ತಿ ಕುದಿ ಬಂದಮೇಲೆ ಸದ್ದು ಮೆತ್ತಗಾಗುತ್ತೆ, ಕುದಿಯೋಕೆ ಮುಂಚಿನ ಹೊತ್ತೇ ಗದ್ದಲ. ಹಾಗಾಗಿ "ಪೂರ್ತಿ ಕುದಿಸಲ್ಲ, ಸ್ವಲ್ಪ ಬಿಸಿ ಮಾಡ್ಕೋತೀನಿ" ಅನ್ನೋದು ಉಪಯೋಗಕ್ಕೆ ಬಾರದ ರಾಜಿ. ತಣ್ಣನೆ ಕಾಫಿ ಆಗುತ್ತೆ ಅಂದರೆ ದಪ್ಪ ಪುಡಿ ಒಂದು ಪಾಲು, ನೀರು ಎಂಟು ಪಾಲು, ಹನ್ನೆರಡರಿಂದ ಹದಿನಾರು ಗಂಟೆ ಫ್ರಿಜ್ಜಿನಲ್ಲಿ ನೆನೆಸಿ ಸಂಜೆ ಸೋಸಿಟ್ಟುಕೊಳ್ಳಿ. ಕಹಿ ಕಡಿಮೆ, ಮೂರ್ನಾಲ್ಕು ದಿನ ಬರುತ್ತೆ.

ರಾತ್ರಿ ಮಲಗುವ ಮುಂಚೆ ನಾನು ಒಂದು ಟ್ರೇ ಮೇಲೆ ಟವಲ್ ಹಾಸಿ ಕಪ್, ಮರದ ಚಮಚ, ಬಾಳೆಹಣ್ಣು, ಕೀಲಿ ಎಲ್ಲವನ್ನೂ ಜೋಡಿಸಿಡ್ತೀನಿ. ಡ್ರಾಯರ್, ಕಪಾಟು ಬೆಳಿಗ್ಗೆ ಮುಟ್ಟೋದೇ ಇಲ್ಲ. ಜಾರ್ ಫ್ರಿಜ್ಜಿನಲ್ಲಿ ಕಣ್ಣೆದುರಿನ ಅಂಚಿನಲ್ಲೇ ಇರಬೇಕು, ಹಿಂದಿಟ್ಟರೆ ಕತ್ತಲಲ್ಲಿ ನಾಲ್ಕು ಸಾಮಾನು ಸರಿಸಬೇಕಾಗುತ್ತೆ. ಬಾಗಿಲ ರ‍್ಯಾಕಿನ ಬಾಟಲಿಗಳ ಮಧ್ಯೆ ಹಳೆ ಕಾಲುಚೀಲ ತುರುಕಿದ್ದೆ (ಒಗೆದದ್ದೇ). ಚಿಟಕಿ ಹಾಕುವ ಡಬ್ಬಿ ಬೇಡ, ತಿರುಗಿಸುವ ಮುಚ್ಚಳ ಇರಲಿ, ಅದೂ ರಾತ್ರಿ ತೀರ ಬಿಗಿ ಮಾಡಬೇಡಿ. ಕಾರ್ನ್‌ಫ್ಲೇಕ್ಸ್ ತಿನ್ನೋರು ರಾತ್ರಿಯೇ ಬಟ್ಟಲಿಗೆ ಸುರಿದು ಮುಚ್ಚಿಡಿ. ಆ ಪೊಟ್ಟಣದ ಪರಪರ ಸದ್ದಿಗೆ ಸತ್ತವರೂ ಏಳ್ತಾರೆ. ತಿಂದ ಬಟ್ಟಲು ತೊಳೆಯೋಕೆ ಹೋಗಬೇಡಿ, ರಾತ್ರಿಯೇ ನೀರು ತುಂಬಿಟ್ಟ ಪ್ಲಾಸ್ಟಿಕ್ ಬಕೆಟ್ಟಿಗೆ ಮೆಲ್ಲಗೆ ಇಳಿಸಿ ಹೊರಡಿ. ಮೈಕ್ರೋವೇವ್ ಬಿಡೋಕಾಗಲ್ಲ ಅಂದರೆ ಅದರ ಕೈಪಿಡಿ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಒಂದು ಗುಂಡಿ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಕೂಗೋದು ನಿಲ್ಲುತ್ತೆ.

ಅವರ ಕೋಣೆಯಲ್ಲಿ ಫ್ಯಾನ್ ಹಾಕಿಕೊಳ್ಳೋಕೆ ಒಪ್ಪಿದರೆ ನಿಮ್ಮ ಅದೃಷ್ಟ. ಒಂದೇ ಸಮನೆ ಇರುವ ಸದ್ದಿನಲ್ಲಿ ಸಣ್ಣಪುಟ್ಟ ಸದ್ದುಗಳು ಕರಗಿಹೋಗ್ತವೆ. ನನ್ನವಳು ಒಪ್ಪಲಿಲ್ಲ, ಫ್ಯಾನಿಗೆ ಮೈಕೈ ನೋವು ಬರುತ್ತೆ ಅಂದಳು.

ಎಲ್ಲಕ್ಕಿಂತ ಮೊದಲು ಈ ಭಾನುವಾರವೇ ನೀವು ಅವರ ಹಾಸಿಗೆಯಲ್ಲಿ ಮಲಗಿ, ಅವರಿಂದ ನಿಮ್ಮ ಬೆಳಗಿನ ಕೆಲಸವನ್ನೆಲ್ಲ ಮಾಡಿಸಿ. ನಿಮ್ಮ ಮನೆಯ ಶತ್ರು ಚಮಚವೇ ಇರಬೇಕು ಅಂತೇನಿಲ್ಲ, ಬಾಗಿಲ ಚಿಲಕವೋ ಸ್ವಿಚ್ಚೋ ಇರಬಹುದು. ಆ ಪಟ್ಟಿಯಲ್ಲಿ ನನಗೆ ಕೊನೆಗೂ ಬಗೆಹರಿಯದೆ ಉಳಿದದ್ದು ಫ್ಲಶ್ ಒಂದೇ. ಅದಕ್ಕೆ ಯಾರಾದರೂ ಉಪಾಯ ಕಂಡುಹಿಡಿದಿದ್ದರೆ ನನಗೂ ಹೇಳಿ.